ಸಹಿಗಳ ಸರದಿ

"ಲೆಕ್ಕದ ಟೇಬಲ್ ನೀ ಯಾಕ ಮಾಡ್ತಿ? ಮಾಡಿ ಕೊಡೋರು ಅದಾರಲ್ಲ," ಎಂದರು ನನ್ನ ಸಂಶೋಧನೆಯ ಗೈಡ್. ಮಾತು ಇಷ್ಟೇ ಇತ್ತೋ, ಹಿಂದೆ ಮುಂದೆ ಇನ್ನೇನಾದರೂ ಇತ್ತೋ ನನಗೆ ಖಚಿತವಿಲ್ಲ. ಆ ದಿನದ ದಿನಚರಿಯಲ್ಲಿ ಬರೆದದ್ದು ಎರಡೇ ಪದ: "ಸರ್ ನಕ್ಕರು." ನನ್ನ ನೆನಪಿಗೆ ಯಾವಾಗಲೂ ನನ್ನ ಪರವಾಗಿಯೇ ವಾದಿಸುವ ಚಟವಿದೆ. ಅದಕ್ಕೇ ಈ ಬರಹದುದ್ದಕ್ಕೂ ದಿನಚರಿಯನ್ನು ಪಕ್ಕದಲ್ಲಿಟ್ಟುಕೊಂಡಿದ್ದೇನೆ. ಅದರಲ್ಲಿ ಇಲ್ಲದ್ದನ್ನು ಬರೆಯುವಾಗ ಇಲ್ಲವೆಂದು ಹೇಳುತ್ತೇನೆ.

ನಾನು ಗದಗಿನ ಒಂದು ಕಾಲೇಜಿನಲ್ಲಿ ರಾಜ್ಯಶಾಸ್ತ್ರದ ಅತಿಥಿ ಉಪನ್ಯಾಸಕಿ. ಪಿಎಚ್.ಡಿ.ಗೆ ಎತ್ತಿಕೊಂಡ ಪ್ರಶ್ನೆ ಸರಳವಾದದ್ದು: ಗ್ರಾಮ ಪಂಚಾಯತಿಗೆ ಆರಿಸಿಬಂದ ಹೆಣ್ಣುಮಕ್ಕಳು ಸಭೆಗೆ ಬರುತ್ತಾರೆಯೇ? ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿ ಕಡೆಯ ಹದಿನಾಲ್ಕು ಪಂಚಾಯತಿಗಳಿಗೆ ಬಸ್ಸಿನಲ್ಲಿ ಓಡಾಡಿ, ಹಾಜರಿ ಪುಸ್ತಕದ ಪುಟಗಳನ್ನು ಫೋನಿನಲ್ಲಿ ಫೋಟೊ ಹೊಡೆದುಕೊಂಡು ಬಂದೆ. ಆಮೇಲೆ ಬೆಟಗೇರಿಯ ನಮ್ಮ ಮನೆಯಲ್ಲಿ ಕೂತು ಟೈಪ್ ಮಾಡಿದೆ. ಸದಸ್ಯರ ಹೆಸರುಗಳನ್ನು ವಾರ್ಡ್ ಪ್ರಕಾರ ಜೋಡಿಸಿದೆ, ಪ್ರತಿ ಸಭೆಗೆ ಒಂದು ಚೌಕ ಮಾಡಿದೆ. ಸಹಿ ಇದ್ದರೆ ಚೌಕದಲ್ಲಿ ಒಂದು, ಇರದಿದ್ದರೆ ಖಾಲಿ. ಈ ಕೆಲಸದಲ್ಲಿ ಎರಡು ತಪ್ಪುಗಳಿದ್ದವು. ಮೊದಲನೆಯದು ಒಂದು ತಿಂಗಳಿಗೆ ಗೊತ್ತಾಯಿತು, ಎರಡನೆಯದಕ್ಕೆ ಅರ್ಧ ವರ್ಷ ಬೇಕಾಯಿತು.

ನನ್ನ ನೋಂದಣಿಯ ಅವಧಿಯನ್ನು ಆಗಲೇ ಎರಡು ಸಲ ವಿಸ್ತರಿಸಿದ್ದರು. ಮೂರನೆಯ ಸಲ ಇಲ್ಲವೆಂದು ಪತ್ರ ಬಂದಿತ್ತು. ಪ್ರಬಂಧ ಸಲ್ಲಿಸುವ ಮೊದಲಿನ ಸೆಮಿನಾರಿನಲ್ಲಿ ಸಮಿತಿ ನನ್ನ ಮುಖ್ಯ ಅಧ್ಯಾಯವನ್ನು ಒಪ್ಪಬೇಕು. ಒಪ್ಪದಿದ್ದರೆ ನೋಂದಣಿ ರದ್ದಾಗುತ್ತದೆ, ಆರು ವರ್ಷದ ಕೆಲಸ ಕಪಾಟಿನಲ್ಲಿ ಉಳಿಯುತ್ತದೆ.

ಗೈಡ್ ಹೇಳಿದ ಟೇಬಲ್ ಮಾಡಿಕೊಡುವವರ ಹತ್ತಿರ ನಾನೂ ಹೋಗಿದ್ದೆ. ಒಳ್ಳೆಯ ಮನುಷ್ಯ, ಚಹಾ ತರಿಸಿದರು. ನನ್ನ ಹಾಳೆಯನ್ನು ತಮ್ಮ ಸಾಫ್ಟ್‌ವೇರಿಗೆ ಹಾಕಿ, ಮೂರು ದಿನಕ್ಕೆ ನಲವತ್ತು ಪುಟದ ಟೇಬಲ್ ಕೊಟ್ಟರು. ಎರಡನೇ ಪುಟದಲ್ಲಿ ಸದಸ್ಯರ ವಯಸ್ಸಿನ ಸರಾಸರಿ ಇತ್ತು, ಅದರ ಕೆಳಗೆ ಲಿಂಗದ ಸರಾಸರಿ. ಹೆಣ್ಣಿಗೆ ಒಂದು, ಗಂಡಿಗೆ ಎರಡು ಎಂದು ಸಂಕೇತ ಕೊಟ್ಟಿದ್ದರು. ಸಾಫ್ಟ್‌ವೇರು ಎರಡನ್ನೂ ಕೂಡಿಸಿ ಭಾಗಿಸಿ ಒಂದೂವರೆಯ ಹತ್ತಿರದ ಒಂದು ಅಂಕಿಯನ್ನು ಮುದ್ರಿಸಿತ್ತು. ಹೀಗೆಂದರೆ ಏನು ಎಂದು ಕೇಳಿದೆ.

"ಅದು ಬರ್ತೈತ್ರಿ ಮೇಡಮ್ಮಾರ," ಎಂದರು ಅವರು. "ಎಲ್ಲಾರಿಗೂ ಹಿಂಗ ಕೊಟ್ಟೇನಿ. ಎಲ್ಲಾರೂ ಡಾಕ್ಟರ್ ಆಗ್ಯಾರ."

ನಲವತ್ತು ಪುಟಗಳನ್ನು ಅವರ ಮೇಜಿನ ಮೇಲೆಯೇ ಬಿಟ್ಟುಬಂದೆ. ಅದು ಧೈರ್ಯವೇನಲ್ಲ, ಸಿಟ್ಟು. ಆ ಅಂಕಿಗಳಲ್ಲಿ ಒಂದನ್ನಾದರೂ ಯಾರಾದರೂ ಬೊಟ್ಟುಮಾಡಿ ಇದು ಎಲ್ಲಿಂದ ಬಂತು ಎಂದು ಕೇಳಿದರೆ ನನ್ನ ಹತ್ತಿರ ಉತ್ತರ ಇರಲಿಲ್ಲ. ನನ್ನ ಪ್ರಬಂಧದ ಮೇಲೆ ನನ್ನ ಹೆಸರಿರುತ್ತದೆ. ಹಾಗಿದ್ದ ಮೇಲೆ ಲೆಕ್ಕವೂ ನನ್ನದೇ ಆಗಬೇಕು ಎಂದು ಹಟ ಹಿಡಿದೆ.

ಸಂಖ್ಯಾಶಾಸ್ತ್ರಕ್ಕೆಂದೇ ಮಾಡಿದ ಆರ್ ಎಂಬ ಪ್ರೋಗ್ರಾಮಿಂಗ್ ಭಾಷೆಯಿದೆ, ದುಡ್ಡು ಕೊಡಬೇಕಿಲ್ಲ. ಅದರಲ್ಲಿ ಗುಂಡಿ ಒತ್ತುವುದು ಇಲ್ಲ. ಏನು ಮಾಡಬೇಕೆಂದು ಸಾಲುಸಾಲಾಗಿ ಬರೆಯಬೇಕು. ಬರೆದದ್ದು ಹಾಗೇ ಉಳಿಯುತ್ತದೆ. ನಾಳೆ ಬೇರೆ ಯಾರಾದರೂ ಅದೇ ಸಾಲುಗಳನ್ನು ಓಡಿಸಿದರೆ ಅದೇ ಉತ್ತರ ಬರಬೇಕು. ನನ್ನನ್ನು ಹಿಡಿದದ್ದು ಇದೇ ಗುಣ. ಅದು ನೆನಪಿನ ಮೇಲೆ ನಿಂತಿಲ್ಲ.

ಕಲಿತದ್ದು ಬೆಳಿಗ್ಗೆ ಆರರಿಂದ ಎಂಟೂವರೆಯವರೆಗೆ, ನಡುಮನೆಯಲ್ಲಿ, ಅವ್ವನ ಪಕ್ಕ. ಅವ್ವ ಮಗ್ಗದವರಿಗೆ ಕಂಡಿಕಿ, ಅಂದರೆ ನೂಲಿನ ಸುರುಳಿ, ಸುತ್ತಿ ಕೊಡುತ್ತಾಳೆ. ಅವಳ ರಾಟಿ ಒಂದು ಕಡೆ ತಿರುಗುತ್ತಿದ್ದರೆ ಇನ್ನೊಂದು ಕಡೆ ನನ್ನ ಲ್ಯಾಪ್‌ಟಾಪಿನ ಫ್ಯಾನು. ಮೊದಲ ವಾರ ನನ್ನ ಕನ್ನಡ ಹೆಸರುಗಳೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗಿ ಬಂದವು. ಫೈಲನ್ನು ಯಾವ ಸಂಕೇತ ಪದ್ಧತಿಯಲ್ಲಿ ಓದಬೇಕೆಂದು ಅದಕ್ಕೆ ಹೇಳಬೇಕಿತ್ತು. ಅದು ತಿಳಿಯಲು ನಾಲ್ಕು ಬೆಳಗು ಹೋದವು. ಎರಡನೇ ವಾರ ಆವರಣ ಚಿಹ್ನೆಗಳ ಜಗಳ. ಒಂದು ತೆರೆದು ಮುಚ್ಚದಿದ್ದರೆ ಕೆಂಪು ಅಕ್ಷರದಲ್ಲಿ ತಪ್ಪು ತೋರಿಸುತ್ತಿತ್ತು. ನಾನು ಗಟ್ಟಿಯಾಗಿ ಬೈಯುತ್ತಿದ್ದೆನಂತೆ. ಅವ್ವ ರಾಟಿ ನಿಲ್ಲಿಸಿ ಹೇಳಿದ್ದು ದಿನಚರಿಯಲ್ಲಿದೆ: "ಅದು ಬೈತೈತಿ, ನೀ ತಿರುಗಿ ಬೈತಿ. ಅದು ಏನಂತೈತಿ ಅಂತ ಮೊದಲ ಪೂರಾ ಕೇಳಲೇ ಹುಡುಗಿ." ಅಂದಿನಿಂದ ಕೆಂಪು ಸಾಲುಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಇಳಿಸಿಕೊಂಡು, ಕೆಳಗೆ ಕನ್ನಡದಲ್ಲಿ ಅರ್ಥ ಬರೆಯತೊಡಗಿದೆ. ನನಗೆ ಸಿಕ್ಕ ಪಠ್ಯಪುಸ್ತಕ ಅದೇ.

ತಿಂಗಳಾಗುವಷ್ಟರಲ್ಲಿ ಮೊದಲ ಲೆಕ್ಕ ಬಂತು. ಹದಿನಾಲ್ಕೂ ಪಂಚಾಯತಿಗಳಲ್ಲಿ, ಗಂಡಸರದೂ ಹೆಂಗಸರದೂ, ಹಾಜರಿ ಪೂರ್ತಿ ನೂರಕ್ಕೆ ನೂರು. ಹಿಂದಿನ ದಿನ ಸರಾಸರಿ ಕೇಳಿದಾಗ ಆರ್ ಉತ್ತರವನ್ನೇ ಕೊಟ್ಟಿರಲಿಲ್ಲ, ಖಾಲಿ ಚೌಕಗಳಿವೆ ಎಂದು ತಕರಾರು ಮಾಡಿತ್ತು. ಖಾಲಿ ಇದ್ದದ್ದನ್ನು ಬಿಟ್ಟು ಲೆಕ್ಕ ಹಾಕು ಎಂದು ನಾನೇ ಒಂದು ಮಾತು ಸೇರಿಸಿದ್ದೆ. ನನ್ನ ಹಾಳೆಯಲ್ಲಿ ಖಾಲಿ ಎಂದರೆ ಗೈರು. ಬಾರದವರನ್ನೆಲ್ಲ ಬಿಟ್ಟ ಮೇಲೆ ಉಳಿದವರು ಬಂದವರೇ ತಾನೆ. ನಗು ಬಂತು, ಬೆನ್ನಿಗೇ ಹೆದರಿಕೆಯೂ ಆಯಿತು. ಇಷ್ಟು ಢಾಳಾಗಿ ಬಾರದೆ ಸ್ವಲ್ಪ ಹೆಚ್ಚು ಕಡಿಮೆ ಬಂದಿದ್ದರೆ ನಾನು ಅದನ್ನೇ ಬರೆದುಕೊಂಡು ಮುಂದೆ ಹೋಗುತ್ತಿದ್ದೆ. ಖಾಲಿ ಚೌಕಗಳಿಗೆಲ್ಲ ಸೊನ್ನೆ ತುಂಬಿದೆ. ಮೊದಲ ತಪ್ಪು ಅಲ್ಲಿಗೆ ಮುಗಿಯಿತು.

ಈಗ ಬಂದ ಉತ್ತರ ಚೆನ್ನಾಗಿತ್ತು. ಬಹಳ ಪಂಚಾಯತಿಗಳಲ್ಲಿ ಹೆಂಗಸರ ಹಾಜರಿ ಗಂಡಸರಿಗಿಂತ ಹೆಚ್ಚು. ಗೈಡ್ ನೋಡಿ ಖುಷಿಪಟ್ಟರು. ಮೀಸಲಾತಿ ಕೆಲಸ ಮಾಡಿದೆ ಅನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ, ಸೆಮಿನಾರಿನಲ್ಲಿ ಇದನ್ನೇ ಮುಂದಿಡು ಎಂದರು. ನಾನೂ ಹಿಗ್ಗಿದೆ. ಮೊದಲಿನಿಂದಲೂ ನನಗೆ ಅನುಮಾನವಿತ್ತು ಎಂದು ಈಗ ಹೇಳಿಕೊಳ್ಳಲು ಆಸೆಯಾಗುತ್ತದೆ. ದಿನಚರಿ ಬಿಡುವುದಿಲ್ಲ. ಆ ದಿನ "ಗೆದ್ದೆ" ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಿದ್ದೇನೆ.

ಸೆಮಿನಾರಿಗೆ ಎರಡೂವರೆ ತಿಂಗಳಿತ್ತು. ತೋರಿಸಲು ಚಿತ್ರ ಬೇಕಲ್ಲ ಎಂದು ಒಂದು ಮಧ್ಯಾಹ್ನ ಕಾಲೇಜಿನ ಲ್ಯಾಬಿನಲ್ಲಿ ಕೂತೆ. ಪ್ರತಿ ಸದಸ್ಯರಿಗೆ ಒಂದು ಸಾಲು, ಬಂದ ಸಭೆಗೆ ಕಪ್ಪು ಚೌಕ, ಬಾರದ ಸಭೆಗೆ ಬಿಳಿ. ಗಂಡಸರ ಸಾಲುಗಳು ಇಲಿ ಕಡಿದ ಹಾಗೆ ಅಲ್ಲಲ್ಲಿ ಹರಿದಿದ್ದವು. ಎಷ್ಟೋ ಹೆಂಗಸರ ಸಾಲುಗಳು ಗೆರೆ ಎಳೆದ ಹಾಗೆ ಕಪ್ಪಗಿದ್ದವು. ಶೇಂಗಾ ಕೀಳುವ ತಿಂಗಳಿಲ್ಲ, ಮೆಣಸಿನಕಾಯಿ ಬಿಡಿಸುವ ತಿಂಗಳಿಲ್ಲ, ಒಬ್ಬರಿಗೆ ಒಂದು ದಿನ ಜ್ವರವೂ ಬಂದಿಲ್ಲ. ಮುಂಡರಗಿ ಕಡೆಯ ಒಂದು ಊರಿನ ಸದಸ್ಯೆಯ ಸಾಲಿನ ಮೇಲೆ ಕಣ್ಣು ನಿಂತಿತು. ಎರಡು ವರ್ಷ ಒಂದೂ ಬಿಳಿ ಚೌಕವಿಲ್ಲ. ಆದರೆ ಆಕೆಯನ್ನು ನಾನು ಮೊದಲ ಸಲ ನೋಡಿದ್ದು ಬಾಣಂತಿಯಾಗಿ.

ಮನೆಗೆ ಬಂದು ದಿನಚರಿ ತೆಗೆದೆ. ಇತ್ತು. ಸದಸ್ಯೆ ಬಾಣಂತನಕ್ಕೆ ಅದೇ ಊರಿನ ಇನ್ನೊಂದು ಓಣಿಯ ತವರಿನಲ್ಲಿದ್ದಾಳೆ, ಮೂರು ತಿಂಗಳು ಹೊರಗೆ ಬಿಡುವುದಿಲ್ಲವಂತೆ, ಕಿವಿಗೆ ಬಟ್ಟೆ ಕಟ್ಟಿಕೊಂಡೇ ಮಾತಾಡಿದಳು ಎಂದು ನಾನೇ ಬರೆದಿದ್ದೆ. ಅದೇ ಪುಟದ ಮೇಲ್ಗಡೆ ಇನ್ನೊಂದು ಸಾಲು: "ಹಾಜರಿ ಪುಸ್ತಕ ಆಫೀಸಿನಲ್ಲಿ ಇರಲಿಲ್ಲ. ಒಂದು ತಾಸು ಕಾಯಿಸಿದರು. ಕೊನೆಗೆ ನೀರು ಬಿಡುವವರು ಸೈಕಲ್ಲಿನ ಕ್ಯಾರಿಯರಿಗೆ ಸಿಕ್ಕಿಸಿಕೊಂಡು ತಂದರು." ಕಾಯಿಸಿದ್ದಕ್ಕೆ ಸಿಟ್ಟಾಗಿ ಬರೆದ ಸಾಲದು. ಪುಸ್ತಕ ಸೈಕಲ್ ಮೇಲೆ ಯಾಕಿತ್ತು ಎಂದು ಕೇಳಿಕೊಂಡಿರಲಿಲ್ಲ.

ಮರುದಿನದ ಮೊದಲ ಬಸ್ಸಿಗೆ ಮುಂಡರಗಿಗೆ ಹೋಗಿ, ಅಲ್ಲಿಂದ ಟಂಟಂ ಆಟೊ ಹಿಡಿದು ಆ ಊರಿಗೆ ಹೋದೆ. ಸದಸ್ಯೆ ಗಂಡನ ಮನೆಗೆ ವಾಪಸು ಬಂದಿದ್ದಳು. ಕೂಸಿಗೆ ಹಾಲು ಕುಡಿಸುತ್ತ ಕೂತಿದ್ದಳು. ಊರಿನಲ್ಲಿ ಹೆಣ್ಣು ಮಾಸ್ತರರಿಗೆ ಅನ್ನುವ ಹಾಗೆ ನನ್ನನ್ನು ಅಕ್ಕೋರ ಎನ್ನುತ್ತಿದ್ದಳು. ಸುತ್ತಿ ಬಳಸದೆ ಕೇಳಿದೆ, ಬಾಣಂತನದಾಗ ಮೀಟಿಂಗಿಗೆ ಹೆಂಗ ಹೋಗಿದ್ರಿ ಎಂದು.

"ನಾ ಎಲ್ಲಿ ಹೋಗ್ತೀನ್ರಿ ಅಕ್ಕೋರ? ಪುಸ್ತಕ ಮನಿಗೆ ಬರ್ತೈತಲ್ಲ."

"ಬಾಣಂತನದಾಗ ಸೈತ?"

"ತವರಮನಿಗೂ ಬಂತು. ಹೊರಸಿನ ಮ್ಯಾಲೆ ಕುಂತ ಮಾಡಿದೆ. ನಮ್ಮವ್ವ, ಸಹಿ ಮಾಡಾಕ ಗಾಳಿಗೆ ಕೈ ತಗೀಬ್ಯಾಡ ಅಂತ ಬೈತಿದ್ಲು."

ಹೇಳುವಾಗ ಅವಳ ದನಿಯಲ್ಲಿ ತಪ್ಪು ಒಪ್ಪಿಕೊಂಡ ಭಾವವಿರಲಿಲ್ಲ. ನಡೆದುಕೊಂಡು ಬಂದದ್ದನ್ನು ಹೇಳುತ್ತಿದ್ದಳು. ಸತತವಾಗಿ ಸಭೆ ತಪ್ಪಿಸಿದರೆ ಸದಸ್ಯತ್ವ ಹೋಗುತ್ತದೆ, ಠರಾವಿಗೆ ಇಷ್ಟು ಜನರ ಸಹಿ ಬೇಕು, ಅದಕ್ಕೇ ಪುಸ್ತಕ ತಿರುಗುತ್ತದೆ. ಮೊದಲೆರಡು ಸಭೆಗೆ ಹೋಗಿದ್ದಳಂತೆ. ಕುರ್ಚಿ ಗಂಡಸರಿಗೇ ಸಾಲಲಿಲ್ಲ, ನೀವ್ಯಾಕ ತ್ರಾಸು ತಗೋತೀರಿ, ಪುಸ್ತಕ ಕಳಿಸ್ತೀವಿ ಎಂದರಂತೆ.

ನೀರು ಬಿಡುವವರು ಓಣಿಯ ತುದಿಯಲ್ಲಿ ಸಿಕ್ಕರು. ವಯಸ್ಸಾದವರು. ಕಾಕಾ, ಪುಸ್ತಕ ನೀವ ಒಯ್ತೀರೇನು ಎಂದೆ. ಅವರು ಸುತ್ತ ನೋಡಿ, ಕಾಲಿನಿಂದ ನೀರಿನ ಕೊಳವೆಯ ವಾಲಿನ ಮೇಲಿನ ಕಲ್ಲು ಸರಿಸುತ್ತ ಹೇಳಿದರು: "ಹೆಂಗೂ ಓಣಿಗೊಂದ ವಾಲ್ ಐತಿ, ತಿರುಗಸಾಕ ಹೋಗಬೇಕು. ಪುಸ್ತಕ ಒಳಗ ಕೊಟ್ಟು ವಾಲ್ ಬಿಟ್ಟು ಬರೂದ್ರಾಗ ಸಹಿ ಆಗಿರ್ತೈತಿ. ನನ್ನ ಹೆಸರ ಬರಬಾರದು ನೋಡವಾ ಮತ್ತ."

ಬರುವುದಿಲ್ಲ ಎಂದೆ. ಇಲ್ಲಿ ಯಾವ ಪಂಚಾಯತಿಯ ಹೆಸರನ್ನೂ ಹೇಳದಿರುವುದು ಆ ಮಾತಿಗಾಗಿ.

ವಾಪಸು ಬರುವ ಬಸ್ಸಿನಲ್ಲಿ ನನಗೆ ಹೊಳೆದದ್ದು ಒಂದೇ ವಿಷಯ. ಆಫೀಸಿಗೆ ಬಂದು ಸಹಿ ಮಾಡುವವರು ಬಂದ ಸರದಿಯಲ್ಲಿ ಮಾಡುತ್ತಾರೆ. ಈ ಸಭೆಗೆ ಒಬ್ಬ ಮೊದಲು ಬಂದರೆ ಮುಂದಿನದಕ್ಕೆ ಇನ್ನೊಬ್ಬ. ಪುಸ್ತಕವೇ ಮನೆಗೆ ಹೋದರೆ ಸಹಿಗಳ ಸರದಿ ವಾಲುಗಳ ಸರದಿಯಾಗುತ್ತದೆ, ಪ್ರತಿ ಸಲ ಅದೇ. ಹಾಗಾದರೆ ಯಾರನ್ನೂ ಕೇಳದೆ, ಯಾರ ಬಾಯಿಂದಲೂ ಹೇಳಿಸದೆ, ಪುಸ್ತಕದಿಂದಲೇ ಅದನ್ನು ಓದಬಹುದು. ಫೋನಿನಲ್ಲಿದ್ದ ನನ್ನ ಹಾಳೆಯನ್ನು ಅಲ್ಲೇ ತೆರೆದೆ. ಅದರಲ್ಲಿ ಸರದಿಯೇ ಇರಲಿಲ್ಲ. ಎಲ್ಲ ಹೆಸರುಗಳನ್ನೂ ನಾನು ಅಚ್ಚುಕಟ್ಟಾಗಿ ವಾರ್ಡ್ ಪ್ರಕಾರ ಜೋಡಿಸಿಬಿಟ್ಟಿದ್ದೆ. ಇದು ಎರಡನೇ ತಪ್ಪು. ಚೊಕ್ಕ ಮಾಡಲು ಹೋಗಿ ಸಾಕ್ಷಿಯನ್ನೇ ಒರೆಸಿಹಾಕಿದ್ದೆ.

ಫೋಟೊಗಳಿದ್ದವು. ಮುಂಡರಗಿ ಕಡೆಯ ಊರಿನಲ್ಲಿ ಬಾಣಂತನದ ಆಮೇಲಿನ ಸಭೆಗಳ ಪುಟಗಳನ್ನೂ ಈ ಸಲ ಹೊಡೆದುಕೊಂಡಿದ್ದೆ. ಒಂದೊಂದನ್ನೇ ದೊಡ್ಡದು ಮಾಡಿ, ಯಾವ ಸಹಿ ಎಷ್ಟನೆಯದು ಎಂದು ಮತ್ತೆ ಮೊದಲಿನಿಂದ ಟೈಪ್ ಮಾಡಿದೆ. ಹದಿನೆಂಟು ಬೆಳಗು ಹಿಡಿದವು. ಶಿರಹಟ್ಟಿ ಕಡೆಯ ಒಂದು ಪಂಚಾಯತಿಯ ಫೋಟೊಗಳಲ್ಲಿ ಪುಟದ ಕೆಳಗಿನ ಅರ್ಧ ಕತ್ತರಿಸಿಹೋಗಿತ್ತು. ಮತ್ತೆ ಹೋದೆ. ಅಲ್ಲಿನ ಪಿಡಿಒ ಸಾಹೇಬರು ಹಿಂದಿನ ಸಲ ಚಹಾ ಕೊಟ್ಟವರು, ಈ ಸಲ ಕೂಡ್ರಿ ಎಂದೂ ಹೇಳಲಿಲ್ಲ. ಒಮ್ಮೆ ತೋರಿಸಿದ್ದಾಗಿದೆ, ಎರಡನೇ ಸಲ ಯಾಕೆ, ಏನು ಹುಡುಕುತ್ತಿದ್ದೀರಿ ಎಂದರು. ಸುಳ್ಳು ಹೇಳಬಹುದಿತ್ತು. ಸಹಿಗಳ ಸರದಿ ನೋಡಬೇಕಿತ್ತು ಎಂದೆ. ಪುಸ್ತಕ ಆಡಿಟ್ಟಿಗೆ ಹೋಗಿದೆ ಎಂದರು. ಅದು ಅವರ ಮೇಜಿನ ಮೇಲೆ, ನೀರಿನ ಬಾಟಲಿಯ ಕೆಳಗೇ ಇತ್ತು. ಆ ಪಂಚಾಯತಿಯನ್ನು ಬಿಟ್ಟೆ. ಹದಿಮೂರು ಉಳಿದವು.

ಕೋಡು ಹೀಗಿತ್ತು. ಒಂದು ಸಭೆಯಲ್ಲಿ ಯಾರ ಬೆನ್ನಿಗೆ ಯಾರು ಸಹಿ ಮಾಡಿದ್ದಾರೆ ಎಂದು ಜೋಡಿ ಮಾಡು. ಅದೇ ಜೋಡಿಗಳು ಮುಂದಿನ ಸಭೆಯಲ್ಲಿ ಎಷ್ಟು ಮರಳಿ ಬಂದಿವೆ ಎಣಿಸು. ಅದರ ಜೊತೆಗೆ, ಹೆಸರಿನ ಚೀಟಿಗಳನ್ನು ಡಬ್ಬಿಯಲ್ಲಿ ಹಾಕಿ ಕುಲುಕಿದ ಹಾಗೆ, ಸರದಿಯನ್ನು ಹತ್ತು ಸಾವಿರ ಸಲ ಕಲಸಿ, ಬರೀ ಅದೃಷ್ಟದಿಂದ ಎಷ್ಟು ಜೋಡಿ ಮರಳಿ ಬರುತ್ತವೆ ನೋಡು. ನಿಜವಾದ ಎಣಿಕೆ ಆ ಹತ್ತು ಸಾವಿರ ಎಣಿಕೆಗಳೆಲ್ಲಕ್ಕಿಂತಲೂ ಮೇಲಿದ್ದರೆ ಅದು ಅದೃಷ್ಟವಲ್ಲ. ಇಷ್ಟನ್ನು ಬರೆಯಲು ಎರಡು ವಾರ ಬೇಕಾಯಿತು. ಟೇಬಲ್ ಮಾಡಿಕೊಡುವವರ ಸಾಫ್ಟ್‌ವೇರಿನಲ್ಲಿ ಇದಕ್ಕೆ ಗುಂಡಿ ಇರಲಿಲ್ಲವೆಂದು ನನಗೆ ಗೊತ್ತು. ಆ ಗುಂಡಿಯನ್ನು ನಾನು ಮಾಡಿದೆ.

ಓಡಿಸಿದಾಗ ಹದಿಮೂರರಲ್ಲಿ ಒಂಬತ್ತು ಪಂಚಾಯತಿಗಳು ಸಿಕ್ಕಿಬಿದ್ದವು. ಪಟ್ಟಿಯನ್ನು ಓದುತ್ತ ಹೋದೆ. ಅದರಲ್ಲಿ ಲಕ್ಷ್ಮೇಶ್ವರ ಕಡೆಯ ಒಂದು ಪಂಚಾಯತಿ ಇತ್ತು. ಆದರೆ ಅಲ್ಲಿಯ ಒಂದು ಸಭೆಯಲ್ಲಿ ನಾನೇ ಕೂತಿದ್ದೆ. ಹೆಂಗಸರು ಬಂದಿದ್ದರು, ಒಬ್ಬರು ಚರಂಡಿಯ ವಿಷಯಕ್ಕೆ ಅಧ್ಯಕ್ಷರ ಜೊತೆ ಜಗಳವನ್ನೂ ಮಾಡಿದ್ದರು. ನೆನಪಿನ ಮಾತಲ್ಲ, ದಿನಚರಿಯಲ್ಲಿ ಜಗಳದ ಮಾತುಗಳೂ ಇವೆ. ಹಾಗಾದರೆ ನನ್ನ ಕೋಡು ಸುಳ್ಳು ಹೇಳುತ್ತಿದೆ.

ಮತ್ತೆ ಫೋಟೊಗಳಿಗೆ ಹೋದೆ. ಆ ಪಂಚಾಯತಿಯ ಕ್ಲಾರ್ಕು ಸಭೆಗೆ ಮೊದಲೇ ಎಲ್ಲರ ಹೆಸರನ್ನೂ ಒಂದರ ಕೆಳಗೊಂದು ಬರೆದಿಡುತ್ತಿದ್ದರು. ಸದಸ್ಯರು ಯಾವಾಗಲೇ ಬರಲಿ, ತಮ್ಮ ಹೆಸರಿನ ಎದುರಿಗೆ ಸಹಿ ಮಾಡುತ್ತಿದ್ದರು. ಅಲ್ಲಿ ಸರದಿ ಕ್ಲಾರ್ಕಿನ ಕೈಬರಹದ್ದು, ಸದಸ್ಯರದ್ದಲ್ಲ. ಅಂಥ ಪುಸ್ತಕಗಳು ಒಟ್ಟು ಐದು. ಸಭೆಗೆ ಬಂದು ಬಾಯಿಬಿಟ್ಟು ಜಗಳ ಮಾಡಿದ ಹೆಣ್ಣುಮಗಳನ್ನು ನಾನು ಇನ್ನೇನು ಗೈರು ಎಂದು ಬರೆಯುವವಳಿದ್ದೆ. ಆ ಐದನ್ನು ತೆಗೆದೆ. ಉಳಿದ ಎಂಟರಲ್ಲಿ ನಾಲ್ಕು ಮಾತ್ರ ಗಟ್ಟಿಯಾಗಿ ನಿಂತವು.

ಆ ನಾಲ್ಕರಲ್ಲಿ ಮುಂಡರಗಿ ಕಡೆಯ ಊರೂ ಒಂದು. ಗಂಡಸರ ಸಹಿಗಳು ಪ್ರತಿ ಸಭೆಗೆ ಹಿಂದೆ ಮುಂದೆ. ಐದು ಹೆಂಗಸರದು ಮಾತ್ರ, ಮೊದಲೆರಡು ಸಭೆ ಬಿಟ್ಟರೆ, ಯಾವಾಗಲೂ ಒಂದೇ ಸರದಿ, ಅದರಲ್ಲಿ ಸದಸ್ಯೆ ಎರಡನೆಯವಳು. ಮೂರು ಸಭೆಗಳಲ್ಲಿ ಮಾತ್ರ ಅವಳ ಸಹಿ ಎರಡನೇ ಜಾಗ ಬಿಟ್ಟು ಕೊನೆಗೆ ಹೋಗಿತ್ತು, ಆಮೇಲೆ ಮತ್ತೆ ಎರಡಕ್ಕೆ ಬಂದಿತ್ತು. ತಿಂಗಳುಗಳನ್ನು ನೋಡಿದೆ. ಬಾಣಂತನದ ತಿಂಗಳುಗಳು. ತವರುಮನೆಯ ಓಣಿಯ ವಾಲು ಕೊನೆಯದು. ಕಿವಿಗೆ ಬಟ್ಟೆ ಕಟ್ಟಿಕೊಂಡ ಆ ಹುಡುಗಿ ಒಂದು ಓಣಿಯಿಂದ ಇನ್ನೊಂದಕ್ಕೆ ಹೋಗಿಬಂದದ್ದು ನನ್ನ ಪರದೆಯ ಮೇಲೆ ಮೂರು ಚುಕ್ಕೆಗಳಾಗಿ ಕಾಣುತ್ತಿತ್ತು. ರಾಟಿ ತಿರುಗುತ್ತಿತ್ತು.

ಆ ವಾರದಲ್ಲೇ ಇನ್ನೊಂದು ಹಾಳೆ ನೆನಪಾಯಿತು. ಎರಡು ವರ್ಷದ ಕೆಳಗೆ ನಮ್ಮಲ್ಲಿ ಸಂಶೋಧನಾ ವಿಧಾನದ ಎರಡು ದಿನದ ಕಾರ್ಯಾಗಾರ ನಡೆದಿತ್ತು. ಮೊದಲ ದಿನ ಊಟದವರೆಗೆ ಕೂತು ಎದ್ದುಹೋದೆ. ಎರಡನೇ ದಿನ ಶಿರಹಟ್ಟಿಗೆ ಹೋಗಿದ್ದೆ. ಮುಂದಿನ ವಾರ ಅಟೆಂಡರು ಸ್ಟಾಫ್ ರೂಮಿಗೇ ಹಾಜರಿ ಹಾಳೆ ತಂದು, ಎರಡೂ ದಿನದ್ದು ಹಾಕಿಬಿಡ್ರಿ ಮೇಡಮ್ಮಾರ ಎಂದರು. ಹಾಕಿದೆ. ಪ್ರಮಾಣಪತ್ರವನ್ನು ಪ್ರಬಂಧದ ಅನುಬಂಧದಲ್ಲಿ ಸೇರಿಸಿಯೂ ಇದ್ದೆ. ದಿನಚರಿಯಲ್ಲಿ ಇದರ ಬಗ್ಗೆ ಒಂದಕ್ಷರವಿಲ್ಲ. ದಿನಚರಿಯನ್ನು ಪಕ್ಕದಲ್ಲಿಟ್ಟುಕೊಂಡಿದ್ದೇನೆ ಎಂದು ಮೇಲೆ ಬರೆದೆನಲ್ಲ, ಅದರಲ್ಲೂ ಹೀಗೆ ಖಾಲಿ ಚೌಕಗಳಿವೆ. ಪ್ರಮಾಣಪತ್ರವನ್ನು ಕಿತ್ತುಹಾಕಿದೆ. ಹರಿಯಲಿಲ್ಲ, ಇಟ್ಟುಕೊಂಡಿದ್ದೇನೆ.

ಸೆಮಿನಾರಿಗೆ ಹತ್ತು ದಿನವಿದ್ದಾಗ ಗೈಡ್ ಮುಂದೆ ಎಲ್ಲವನ್ನೂ ಇಟ್ಟೆ. ಅವರು ಗದರಲಿಲ್ಲ. ಕನ್ನಡಕ ತೆಗೆದು ಒರೆಸಿದರು.

"ಖರೆ ಇರಬಹುದವಾ. ಆದ್ರ ಈಗ ಬ್ಯಾಡ. ಮೊದಲಿನ ಲೆಕ್ಕಾನ ಹೇಳು, ಮುಗಿಸು. ಡಿಗ್ರಿ ಕೈಯಾಗ ಬಂದ ಮ್ಯಾಲೆ ಏನರ ಬರಿ."

"ಗೈರು ಅಂತ ಗೊತ್ತಾದ ಮ್ಯಾಲೆ ಹಾಜರ ಅಂತ ಹೆಂಗ ಹೇಳ್ಲಿ ಸರ್?"

"ಸಮಿತಿ ಒಪ್ಪಲಿಲ್ಲಂದ್ರ ಎಲ್ಲಾ ಹೋಗ್ತೈತಿ. ತಿಳೀತಿಲ್ಲೋ?"

ತಿಳಿದಿತ್ತು. ಅವರು ನನ್ನ ಒಳ್ಳೆಯದಕ್ಕೇ ಹೇಳುತ್ತಿದ್ದಾರೆಂದೂ ತಿಳಿದಿತ್ತು. ಆ ಸಂಜೆ ಸದಸ್ಯೆಗೆ ಫೋನ್ ಮಾಡಿದೆ. ಹೆಸರು, ಊರು ಬರುವುದಿಲ್ಲ, ಆದರೂ ನಿಮ್ಮ ಕಥೆ ಹೇಳಲು ನಿಮ್ಮ ಒಪ್ಪಿಗೆ ಬೇಕು ಎಂದೆ. ನಿಮ್ಮ ಸಹಿ ಇದ್ದ ಕಡೆ ನಾನು ಗೈರು ಎಂದು ಬರೆಯಬೇಕಾಗುತ್ತದೆ ಎಂದೂ ಹೇಳಿದೆ. ಅವಳು ಅಂದದ್ದನ್ನು ಫೋನಿಡುತ್ತಲೇ ಬರೆದುಕೊಂಡೆ:

"ಬರೀರಿ. ಆದ್ರ ನಾವು ಬರಂಗಿಲ್ಲ ಅಂತ ಬರೀಬ್ಯಾಡ್ರಿ. ಪುಸ್ತಕ ಬರ್ತೈತಿ, ಕರಿಯಾಕ ಯಾರೂ ಬರಂಗಿಲ್ಲ. ಅದನ್ನ ಬರೀರಿ."

ನನ್ನ ಬಳಿ ಇದ್ದದ್ದು ಎರಡೇ ಸಂಕೇತ, ಒಂದು ಮತ್ತು ಸೊನ್ನೆ. ಅವಳ ಮಾತು ಎರಡರಲ್ಲೂ ಕೂರುತ್ತಿರಲಿಲ್ಲ. ಬೆಳಿಗ್ಗೆ ಎದ್ದು ಕೋಡಿನಲ್ಲಿ ಮೂರನೆಯದನ್ನು ಸೇರಿಸಿದೆ: ಮನೆಯಲ್ಲಿ ಸಹಿ. ಆ ಒಂದು ಸಂಕೇತಕ್ಕಾಗಿ ಕೆಳಗಿನ ಮುನ್ನೂರು ಸಾಲುಗಳನ್ನು ತಿದ್ದಬೇಕಾಯಿತು, ಅಧ್ಯಾಯದ ತಲೆಬರಹವನ್ನೂ. ಹೆಂಗಸರು ಸಭೆಗೆ ಬರುತ್ತಾರೆಯೇ ಎಂದಿದ್ದ ಪ್ರಶ್ನೆ, ಸಭೆಯನ್ನು ಅವರಿಂದ ದೂರ ಇಡುವುದು ಹೇಗೆ ಎಂದಾಯಿತು. ಹಳೆಯ ಚಿತ್ರವನ್ನು ಅಳಿಸಿದೆ. ಬೇಕಾದರೆ ವಾಪಸು ಹೋಗಲು ಒಂದು ಪ್ರತಿಯನ್ನೂ ಇಡಲಿಲ್ಲ.

ಸೆಮಿನಾರಿನ ದಿನ ಸಮಿತಿಯಲ್ಲಿ ಮೂವರಿದ್ದರು, ಪಕ್ಕದಲ್ಲಿ ಗೈಡ್. ಅರ್ಧಕ್ಕೇ ಒಬ್ಬ ಹಿರಿಯರು ತಡೆದರು. ಸರ್ಕಾರಿ ದಾಖಲೆಯಲ್ಲಿ ಸಹಿ ಇದೆ, ಇಲ್ಲವೆನ್ನಲು ನೀನು ಯಾರು, ಯಾರೋ ಹೇಳಿದ್ದನ್ನು ಕೇಳಿ ಸಂಶೋಧನೆ ಮಾಡುತ್ತೀಯಾ ಎಂದರು. ನಾನು ವಾದಿಸಲಿಲ್ಲ. ಅಲ್ಲಿಯೇ ಕೋಡನ್ನು ಮೊದಲ ಸಾಲಿನಿಂದ ಓಡಿಸಿದೆ. ಹತ್ತು ಸಾವಿರ ಸಲ ಕಲಸಲು ನನ್ನ ಹಳೆಯ ಲ್ಯಾಪ್‌ಟಾಪಿಗೆ ಒಂದು ನಿಮಿಷ ಬೇಕು. ಕಲಸಿದ ಎಣಿಕೆಗಳು ಗುಡ್ಡೆಯಾಗಿ ಎಡಕ್ಕೆ ನಿಂತವು. ನಿಜವಾದ ಎಣಿಕೆ ದೂರ ಬಲಕ್ಕೆ ಒಂದೇ ಗೆರೆಯಾಗಿ ನಿಂತಿತು. ಆಮೇಲೆ ಆ ಮೂರು ಚುಕ್ಕೆಗಳನ್ನು ತೋರಿಸಿ, ಬಾಣಂತನದ ಓಣಿಯ ಕಥೆ ಹೇಳಿದೆ. ಕೈಬಿಟ್ಟ ಆರು ಪಂಚಾಯತಿಗಳನ್ನೂ, ಯಾಕೆ ಬಿಟ್ಟೆ ಎಂಬುದನ್ನೂ, ನಾನು ಮಾಡಿದ ಎರಡು ತಪ್ಪುಗಳನ್ನೂ ಹೇಳಿದೆ. ಕೊನೆಗೆ, ಹೋಗದ ದಿನದ ಕಾರ್ಯಾಗಾರಕ್ಕೆ ನಾನೂ ಸಹಿ ಮಾಡಿದ್ದೇನೆ ಎಂದೆ. ಆಗ ಆ ಹಿರಿಯರು ಮುಂದಿದ್ದ ಹಾಳೆಗಳನ್ನು ಒಮ್ಮೆ ಸರಿಮಾಡಿಟ್ಟುಕೊಂಡರು.

ಅವರು ಗೈಡ್ ಕಡೆ ತಿರುಗಿ, ಈ ಲೆಕ್ಕ ಯಾರು ಮಾಡಿಕೊಟ್ಟದ್ದು ಎಂದು ಕೇಳಿದರು.

"ಆಕಿನ ಮಾಡ್ಯಾಳ್ರಿ," ಎಂದರು ಗೈಡ್.

ಅದು ಅಭಿಮಾನವೋ, ತಮಗೂ ಇದಕ್ಕೂ ಸಂಬಂಧವಿಲ್ಲ ಎಂದದ್ದೋ, ನನಗೆ ಇಂದಿಗೂ ತಿಳಿದಿಲ್ಲ. ದಿನಚರಿಯಲ್ಲಿ ಮಾತನ್ನು ಮಾತ್ರ ಬರೆದಿದ್ದೇನೆ. ದನಿಯನ್ನು ಬರೆದಿಲ್ಲ.

ಸಮಿತಿ ಒಪ್ಪಿತು. ಆದರೆ "ಸಹಿ ಇದೆ, ಸದಸ್ಯೆ ಇಲ್ಲ" ಎಂಬ ನನ್ನ ಕೊನೆಯ ವಾಕ್ಯವನ್ನು ಮೆತ್ತಗೆ ಮಾಡಬೇಕೆಂದು ಸೂಚಿಸಿತು. ನಾನು ಮೆತ್ತಗೆ ಮಾಡಲಿಲ್ಲ. ಅದರ ಕೆಳಗೆ ಪೂರ್ತಿ ಕೋಡನ್ನು ಅನುಬಂಧವಾಗಿ ಸೇರಿಸಿದೆ, ಯಾರು ಬೇಕಾದರೂ ಓಡಿಸಿ ನೋಡಲಿ ಎಂದು. ಪ್ರಬಂಧ ಸಲ್ಲಿಕೆಯಾಗಿದೆ. ಪರೀಕ್ಷಕರ ವರದಿ ಇನ್ನೂ ಬಂದಿಲ್ಲ.

ಕಳೆದ ವಾರ ಸದಸ್ಯೆಯ ಫೋನ್ ಬಂತು. ನೀರು ಬಿಡುವ ಕಾಕಾ ಎಂದಿನಂತೆ ಪುಸ್ತಕ ತಂದಿದ್ದರಂತೆ. ಸಹಿ ಮಾಡದೆ ಪುಸ್ತಕವನ್ನು ಇಸಕೊಂಡು, ಕೂಸನ್ನು ಸೊಂಟಕ್ಕೆ ಏರಿಸಿಕೊಂಡು, ಉಳಿದ ನಾಲ್ವರ ಮನೆಯ ಮುಂದೆಯೂ ಹಾದು ಆಫೀಸಿಗೆ ನಡೆದಳಂತೆ. ಇಬ್ಬರು ಜೊತೆಗೆ ಬಂದರಂತೆ. ಪುಸ್ತಕವಿಲ್ಲದೆ ಸಭೆ ಶುರುವಾಗುವ ಹಾಗಿರಲಿಲ್ಲ, ಎಲ್ಲರೂ ಕಾಯುತ್ತಿದ್ದರಂತೆ. ಕುರ್ಚಿ ಹಾಕಿಸಿಕೊಂಡು ಕೂತು, ಆಫೀಸಿನಲ್ಲಿ ಆ ದಿನದ ಮೊದಲ ಸಹಿ ತಾನೇ ಮಾಡಿದಳಂತೆ.

"ಈಗ ನಂದು ಎಷ್ಟನೇದು ಬರ್ಕೋತೀರಿ ಅಕ್ಕೋರ?" ಎಂದು ನಕ್ಕಳು.

ಬರೆದುಕೊಂಡಿಲ್ಲ. ಆ ಪುಟವನ್ನು ನಾನು ಕಣ್ಣಾರೆ ನೋಡಿಲ್ಲ. ನೋಡದ್ದನ್ನು ಹಾಳೆಗೆ ಸೇರಿಸುವುದಿಲ್ಲ ಎಂದು ಈಗ ನಿಯಮ ಮಾಡಿಕೊಂಡಿದ್ದೇನೆ. ಮುಂದಿನ ಸಭೆ ಯಾವತ್ತೆಂದು ಅವಳನ್ನು ಕೇಳಿಕೊಂಡೆ. ಮುಂಡರಗಿಯ ಮೊದಲ ಬಸ್ಸಿಗೆ ಹೋಗುತ್ತೇನೆ. ಫೋಟೊ ಹೊಡೆಯುವಾಗ ಪುಟದ ಕೆಳಗಿನ ಅರ್ಧ ಕತ್ತರಿಸಿಹೋಗದ ಹಾಗೆ ನೋಡಿಕೊಳ್ಳಬೇಕು.